ನೋಡದ್ದಕ್ಕೆ ಸಹಿ ಇಲ್ಲ

ಪಂಚ ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಸೊಲ್ಲಾಪುರದ ನಮ್ಮ ಅಡತಿ ಅಂಗಡಿಯಲ್ಲಿ ಉಳ್ಳಾಗಡ್ಡಿ ಚೀಲವೊಂದರೊಳಗೆ ಮೊಳಕೈವರೆಗೆ ಕೈ ಹಾಕಿಕೊಂಡು ನಿಂತಿದ್ದೆ. ಚೀಲದ ಬಾಯಲ್ಲಿ ಗುಂಡುಗುಂಡಾದ ಕೆಂಪು ಗಡ್ಡೆ, ತಳದಲ್ಲಿ ಕೊಳೆತದ್ದು ತುಂಬಿ ತರುವವರು ನಮಗೆ ಹೊಸಬರಲ್ಲ. ತಳ ಮುಟ್ಟದೆ ನಾನು ಯಾವ ಚೀಲಕ್ಕೂ ದರ ಹೇಳುವವನಲ್ಲ. ಇನ್ನೊಂದು ಕೈಯಲ್ಲಿ ಫೋನಿತ್ತು. ಊರಲ್ಲಿ ನಮ್ಮ ಹೊಲವನ್ನು ಪಾಲಿಗೆ ಮಾಡುವ ಸಿದ್ರಾಮ ಆ ಕಡೆಯಿಂದ "ಪಂಚ ಕಾಕಾ ಹೋದ್ರರಿ" ಅಂದ. ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರು ನೋಡ್ಯಾರ?"

"ನಾನಽ ನೋಡೀನ್ರಿ ಸಾವಕಾರ್ರ. ಕೈ ಮುಟ್ಟಿ ನೋಡೀನಿ."

ಕಾಕಾ ಬದುಕಿದ್ದರೆ ಈ ಉತ್ತರವನ್ನು ಒಪ್ಪುತ್ತಿದ್ದರು. ಬರೀ "ಹೋದ್ರಂತ" ಎಂದಿದ್ದರೆ ಒಪ್ಪುತ್ತಿರಲಿಲ್ಲ. 'ಅಂತ' ಎಂದು ಮುಗಿಯುವ ಯಾವ ಮಾತನ್ನೂ ಅವರು ಒಳಗೆ ಬಿಟ್ಟುಕೊಂಡವರಲ್ಲ.

ಅವರ ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಊರೂ ಅದನ್ನು ಬಳಸುತ್ತಿರಲಿಲ್ಲ. ಅಕ್ಕಲಕೋಟ ತಾಲೂಕಿನಲ್ಲಿ, ಬೋರಿ ಹೊಳೆಯ ದಂಡೆಯ ಆ ಊರಿನಲ್ಲಿ ಅವರ ಒಂದು ಸಣ್ಣ ಹೊಲ, ಒಂದು ಕುರಿ ಹಿಂಡು. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಒಂದೇ ಬದು. ಸರ್ಕಾರದವರು ಯಾವುದಕ್ಕೇ ಪಂಚನಾಮೆ ಮಾಡಲಿ, ಅಂದರೆ ಕಳವಾಗಲಿ, ಬೆಂಕಿ ಬೀಳಲಿ, ಹೊಲಕ್ಕೆ ನೀರು ನುಗ್ಗಲಿ, ಆದದ್ದನ್ನು ಸ್ಥಳದಲ್ಲೇ ಬರೆದು ಊರ ಕೆಲವರಿಂದ 'ಹೌದು, ನೋಡಿದ್ದೇವೆ' ಎಂದು ಸಹಿ ಹಾಕಿಸುತ್ತಾರೆ. ಸಹಿ ಹಾಕುವವರೇ ಪಂಚರು. ಜೀಪು ಬಂತೆಂದರೆ ಊರ ಗಂಡಸರೆಲ್ಲ ಹೊಟ್ಟೆನೋವು ಬಂದವರಂತೆ ಮನೆಯೊಳಗೆ ಸೇರಿಕೊಳ್ಳುತ್ತಿದ್ದರು. ಯಾಕೆಂದರೆ ಸಹಿ ಹಾಕಿದವನು ನಾಳೆ ಕೋರ್ಟಿಗೆ ಅಲೆಯಬೇಕು, ನೆರೆಯವನ ಹಗೆ ಕಟ್ಟಿಕೊಳ್ಳಬೇಕು. ಕಾಕಾ ಮಾತ್ರ ಒಳಗೆ ಹೋಗಿ ಕರಿ ಕೋಟು ಹಾಕಿಕೊಂಡು ಹೊರಗೆ ಬರುತ್ತಿದ್ದರು. ಧೋತರ, ತಲೆಗೆ ಹಳದಿ ರುಮಾಲು, ಮೇಲೆ ಆ ಕೋಟು. ಉರಿ ಬಿಸಿಲಲ್ಲೂ ಗುಂಡಿ ಬಿಚ್ಚುತ್ತಿರಲಿಲ್ಲ.

ನಾನು ವ್ಯಾಪಾರಿ. ಪುಕ್ಕಟೆ ಕೆಲಸ ಮಾಡುವವನನ್ನು ಕಂಡರೆ ನನಗೆ ಕಳ್ಳನನ್ನು ಕಂಡದ್ದಕ್ಕಿಂತ ಹೆಚ್ಚು ಭಯ. ಇವರಿಗೆ ಇದರಲ್ಲಿ ಏನು ಸಿಗುತ್ತದೆ? ಊರ ಜಮೀನು ಲೆಕ್ಕ ಬರೆಯುವ ತಲಾಠಿಯಿಂದ ಪಾಲೋ, ಪೊಲೀಸರಿಂದ ಪಾಲೋ? ಊರವರಿಗೂ ಅದೇ ಗುಮಾನಿ. 'ಪಂಚ ಕಾಕಾ' ಎಂಬ ಹೆಸರಿನಲ್ಲಿ ಗೌರವಕ್ಕಿಂತ ಕೊಂಕೇ ಹೆಚ್ಚಿತ್ತು. ನಾನು ಸುಮ್ಮನಿರದೆ ಸಿದ್ರಾಮನನ್ನು ಅವರ ಬೆನ್ನಿಗೆ ಬಿಟ್ಟೆ. ಅವನು ತಂದ ವರದಿ ನನಗೆ ಸಾಕಾಗಲಿಲ್ಲ: "ತಲಾಠಿ ಚಾ ತರಿಸಿದ್ರ ಸೈತ ಕುಡಿಯಾಂಗಿಲ್ರಿ. ಪಂಚ ಚಾ ಕುಡದ್ರ ಕಣ್ಣು ಮಂಜ ಆಗ್ತಾವ ಅಂತಾರ."

ಕೊನೆಗೆ ಒಮ್ಮೆ ಅಕ್ಕಲಕೋಟದ ಕೋರ್ಟಿನಲ್ಲಿ, ನನ್ನದೇ ಒಂದು ಕೆಲಸಕ್ಕೆ ಹೋದಾಗ, ಕಾರಣ ಸಿಕ್ಕಿತು ಅನಿಸಿತು. ಕಾಕಾ ಕೋಟು ಹಾಕಿಕೊಂಡು ವರಾಂಡದ ಬೆಂಚಿನ ತುದಿಯಲ್ಲಿ ಕೂತಿದ್ದರು. ಬಾಗಿಲಲ್ಲಿದ್ದ ಜವಾನ ಸಾಕ್ಷಿಯ ಹೆಸರು ಕೂಗಿದ. ಅವರ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಸೇರಿಸಿ ಉದ್ದಕ್ಕೆ ಕೂಗಿದ. ಕಾಕಾ ತಕ್ಷಣ ಏಳಲಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಕಾದು, ಆಮೇಲೆ ಎದ್ದು, ಕೋಟು ಸರಿಮಾಡಿಕೊಂಡು ಒಳಗೆ ಹೋದರು. ಊರಲ್ಲಿ 'ಏ ಕುರಿಕಾಕಾ, ಏ ಪಂಚಕಾಕಾ' ಎಂದು ಕರೆಸಿಕೊಳ್ಳುವ ಮನುಷ್ಯನಿಗೆ ಆ ಕೂಗೇ ಕೂಲಿಯಿರಬೇಕು. ಹಾಗಂದುಕೊಂಡೆ, ಆದರೂ ಪೂರ್ತಿ ನಂಬಲಿಲ್ಲ.

ನೋಡದ್ದಕ್ಕೆ ಮಾತ್ರ ಅವರು ಸಹಿ ಹಾಕುತ್ತಿರಲಿಲ್ಲ, ಅದು ಖರೆ. ಹಿಂದೊಂದು ಮಳೆಗಾಲದಲ್ಲಿ ಒಬ್ಬನ ಎಮ್ಮೆ ಸಿಡಿಲಿಗೆ ಸತ್ತಿತೆಂದು ಪಂಚನಾಮೆ. ಕಾಕಾ ಎಮ್ಮೆಯ ಸುತ್ತ ಒಂದು ಸುತ್ತು ಬಂದು, ಬಾಲ ಎತ್ತಿ ನೋಡಿ, "ಈ ಎಮ್ಮಿ ಮುಂಜಾನಿ ಬಾಜೂ ಊರಾಗ ಸತ್ತಿತ್ತು. ಇಲ್ಲಿಗ್ಯಾವಾಗ ಬಂದು ಮತ್ತ ಸತ್ತದ?" ಎಂದರು. ಅಲ್ಲಿಯ ಪಂಚನಾಮೆಗೂ ಇವರೇ ಹೋಗಿದ್ದರು! ಎಮ್ಮೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದ ಭಾವ-ಮೈದುನರು ಆ ದಿನದಿಂದ ಅವರ ಜೊತೆ ಮಾತು ಬಿಟ್ಟರು. ಹೀಗೆ ಮಾತು ಬಿಟ್ಟವರು ಓಣಿಗೊಬ್ಬರು ಇದ್ದರು. ಕಾಕಾ ಅದನ್ನು ತಮ್ಮ ಗಳಿಕೆಯೆಂಬಂತೆ ಹೇಳಿಕೊಂಡು ತಿರುಗುತ್ತಿದ್ದರು. ಒಣಜಂಬ ಕಡಿಮೆಯೇನೂ ಇರಲಿಲ್ಲ.

ಸರ್ಕಾರದ ಕೆಲಸದಲ್ಲಿ ಹೇಗೋ ಮನೆಯ ಕುರಿಯಲ್ಲೂ ಹಾಗೆಯೇ. ಹಿಂಡನ್ನು ಮೇಯಿಸಲು ಮಾಳಪ್ಪ ಎಂಬ ಆಳನ್ನು ಇಟ್ಟುಕೊಂಡಿದ್ದರು. ಅವನೂ ಅದೇ ಊರಿನ ಕುರುಬರವನು, ಕಡಿಮೆ ಮಾತಿನವನು. ಆ ಕಡೆ ಕುರಿಗಾರರಲ್ಲಿ ಒಂದು ಪದ್ಧತಿಯಿದೆ. ಪ್ರತಿ ಮನೆತನದವರೂ ತಮ್ಮ ಮರಿಗಳ ಕಿವಿಗೆ ತಮ್ಮದೇ ಕಚ್ಚು ಹಾಕುತ್ತಾರೆ. ಕಾಕಾ ಮನೆಯದು ಎಡಗಿವಿಯ ತುದಿಗೆ ಒಂದು ಸೀಳು, ಕೆಳಗಿನ ಅಂಚಿಗೆ ಅರ್ಧಚಂದ್ರ. ಅಡವಿಯಲ್ಲಿ ಕುರಿ ಸತ್ತರೆ, ತೋಳ ತಿಂದರೆ, ಆಳು ಆ ಕಿವಿ ಕೊಯ್ದು ತಂದು ಒಡೆಯನಿಗೆ ಒಪ್ಪಿಸಬೇಕು. ಕಿವಿ ತಂದರೆ ಕುರಿ ಸತ್ತಿದೆ. ತರದಿದ್ದರೆ ಆಳು ಮಾರಿಕೊಂಡಿದ್ದಾನೆ. ನಡುವೆ ಮೂರನೆಯ ಮಾತಿಲ್ಲ. ಮಾಳಪ್ಪ ಅಷ್ಟು ವರ್ಷ ಒಂದು ಕಿವಿಯನ್ನೂ ತಪ್ಪಿಸಿದವನಲ್ಲ. ಆದರೂ ಕಾಕಾ ಪ್ರತಿ ಸಲ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ ಮೇಲೆಯೇ "ಆತು" ಅನ್ನುತ್ತಿದ್ದರು.

ಬೋರಿ ಹೊಳೆ ದಂಡೆ ಮೀರಿ ಬಂದ ಆ ದಿನ ಕಾಕಾ ಊರಲ್ಲಿರಲಿಲ್ಲ. ಯಾರದೋ ದನ ಕಳವಿನ ಕೇಸಿನಲ್ಲಿ ಸಾಕ್ಷಿ ಹೇಳಲು ಕೋಟು ಹಾಕಿಕೊಂಡು ಅಕ್ಕಲಕೋಟದ ಕೋರ್ಟಿಗೆ ಹೋಗಿದ್ದರು. ದಸರೆಗೆ ಮುಂಚಿನ ದಿನಗಳು. ಹಗಲಿನ ಮಳೆಗೆ ಎದುರಿನ ಮನುಷ್ಯ ಕಾಣುತ್ತಿರಲಿಲ್ಲ. ಊರೆಲ್ಲ ದಿಬ್ಬದ ಮೇಲಿನ ಶಾಲೆಗೆ ಓಡಿತ್ತು. ಹೊಳೆದಂಡೆಯ ದೊಡ್ಡಿಯಲ್ಲಿದ್ದ ಹಿಂಡನ್ನು ಮಾಳಪ್ಪ ಮೇಲಕ್ಕೆ ಹೊಡೆಯುವಷ್ಟರಲ್ಲಿ ಹಿಂದಿನ ಹಳ್ಳವೂ ತುಂಬಿ ಬಂತಂತೆ. ಅವನು ಜಾಲಿಮರ ಹತ್ತಿ ಉಳಿದ. ಹಿಂಡು ಕಾಯುವ ನಾಯಿಯೂ ಈಜಿ ದಡ ಸೇರಿತು. ಕುರಿ ಒಂದೂ ಉಳಿಯಲಿಲ್ಲ.

ಕಾಕಾ ಬಂದವರೇ ಮಾಳಪ್ಪನ ಮುಂದೆ ಕೈ ಚಾಚಿ ನಿಂತರು. "ಕಿವಿ?"

"ಎಲ್ಲಿ ತರಲ್ರಿ ಕಾಕಾ? ಕಣ್ಮುಂದ ಹೊಳಿ ಒಯ್ತು."

"ಎಲ್ಲಾ? ಒಂದೂ ಕಂಟಿಗೆ ಸಿಗಲಿಲ್ಲ? ನಾಯಿ ಉಳೀತು, ನೀ ಉಳದಿ, ಕುರಿ ಅಷ್ಟಽ ಹೋದ್ವು?"

ಅಷ್ಟಕ್ಕೆ ಊರ ಬಾಯಿ ಬಿಚ್ಚಿಕೊಂಡಿತು. ದಸರೆಗೆ ಮಟನ್ ದರ ಏರಿತ್ತು. ಹಿಂದಿನ ವಾರ ಕುರಿ ವ್ಯಾಪಾರಿಯ ಟೆಂಪೋ ಊರ ಹತ್ತಿರ ನಿಂತದ್ದನ್ನು ಕಂಡವರಿದ್ದರು. ನನಗೂ ಸಿದ್ರಾಮ ಟೆಂಪೋದ ಸುದ್ದಿ ಹೇಳಿದ. ನನಗೆ ಅದು ಸರಿಯಾಗಿಯೇ ಕಂಡಿತು. ಗದ್ದಲದಲ್ಲಿ ಮಾಲು ದಾಟಿಸುವುದು ಮಾರ್ಕೆಟ್‌ನಲ್ಲಿ ನಾನು ದಿನವೂ ನೋಡುವ ವಿದ್ಯೆ. ಇನ್ನು ಕೆಲವರ ಗುಮಾನಿ ಬೇರೆ: ಕಾಕಾನೇ ಹಿಂಡನ್ನು ಗಡಿಯಾಚೆಯ ಬೀಗರಲ್ಲಿ ಇರಿಸಿ ಬಂದು ನಾಟಕ ಆಡುತ್ತಿದ್ದಾನೆ, ಸರ್ಕಾರ ಕೊಡುವ ಪರಿಹಾರ, ಭರಪಾಯಿ ಹೊಡೆಯುವುದಕ್ಕೆ!

ನೀರು ಇಳಿದ ಮೇಲೆ ಪಂಚನಾಮೆ ಶುರುವಾಯಿತು. ತಲಾಠಿ ಹೊಸ ಹುಡುಗಿ, ದೂರದ ಮರಾಠಿ ಊರಿನವಳು. 'ಬರ್ರಿ, ಕೂಡ್ರಿ, ಸಹಿ ಮಾಡ್ರಿ' ಇಷ್ಟು ಕನ್ನಡ ಕಲಿತಿದ್ದಳು. ಮೊಣಕಾಲುದ್ದ ಕೆಸರಿನಲ್ಲಿ ಫೋನು ಹಿಡಿದು ಹೊಲಹೊಲದ ಫೋಟೋ ತೆಗೆಯುತ್ತ ಬಂದಳು. ನಮ್ಮ ಬದುವಿಗೆ ಬರುವಾಗ ನಾನೂ ಸೊಲ್ಲಾಪುರದಿಂದ ಬಂದು ನಿಂತಿದ್ದೆ. ಕಾಕಾ ತಮ್ಮ ಕೊಚ್ಚಿಹೋದ ಹೊಲವನ್ನು ಅಳೆಸುವಾಗ ನನ್ನ ಎರಡು ಹೆಜ್ಜೆ ನೆಲವನ್ನೂ ಸೇರಿಸಿಕೊಂಡಾರು ಎಂಬ ಅನುಮಾನ ನನಗೆ. ನಾನು ಅವರದ್ದನ್ನು ಸೇರಿಸಿಕೊಂಡೇನು ಎಂಬ ಅನುಮಾನ ಅವರಿಗೆ. ಇಬ್ಬರೂ ಬದುವಿನ ಕಲ್ಲಿದ್ದ ಜಾಗದಲ್ಲಿ ಎದುರುಬದುರು ನಿಂತೆವು. ಹೊಲದ ವಿಷಯ ತಕರಾರಿಲ್ಲದೆ ಮುಗಿಯಿತು. ಮಣ್ಣು ಹೋಗಿ ಬಂಡೆ ಎದ್ದದ್ದು ಕುರುಡನಿಗೂ ಕಾಣುತ್ತಿತ್ತು.

ಆಮೇಲೆ ಕುರಿ. ಕುರಿಗೂ ಸರ್ಕಾರ ಭರಪಾಯಿ ಕೊಡುತ್ತಿತ್ತು. ಹೆಣ ಸಿಗದಿದ್ದರೂ ನಡೆಯುತ್ತದೆ, ಒಡೆಯನ ಜವಾಬು, ಅಂದರೆ ಹೇಳಿಕೆ, ಮತ್ತು ಪಂಚರ ಸಹಿ ಸಾಕು ಎಂದಳು ಆ ಹುಡುಗಿ. "ಕಾಕಾ, ಪುರಾತ ವಾಹೂನ ಗೇಲೀ, ಏವಢಂಚ ಸಾಂಗಾ," ಮಹಾಪೂರದಲ್ಲಿ ಹರಿದುಹೋದವು ಅಂತ ಇಷ್ಟೇ ಹೇಳಿ ಎಂದು ಕೇಳಿಕೊಂಡಳು. "ಸಹಿ ಮಾಡ್ರಿ, ಮುಗೀತು."

ಕಾಕಾ ಕೋಟಿನ ಗುಂಡಿ ಹಿಡಿದುಕೊಂಡು ನಿಂತರು. "ನಾ ನೋಡಿಲ್ಲ ಬಾಯಾರ. ಹೊಳಿ ಒಯ್ದದ್ದು ನಾ ನೋಡಿಲ್ಲ. ಕಿವಿನೂ ಬಂದಿಲ್ಲ. ನೋಡದ್ದಕ್ಕ ನಾ ಸಹಿ ಹಾಕಾಂಗಿಲ್ಲ."

ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುವ ಹೆಂಗಸು, ಬಾಯಿ ಬಿಟ್ಟಳು. "ಊರ ಮಂದಿ ಸತ್ತ ಕೋಳಿಗೂ ಬರಸಾಕತ್ಯಾರ. ನಮ್ಮ ಹಿಂಡ ಹೋಗೇದ, ಖರೇನಽ ಹೋಗೇದ. ನಾಳೆ ಏನು ಕಾಯ್ತೀರಿ, ಈ ಕೋಟ ಕಾಯ್ತೀರೇನು?"

"ಹೊಳಿ ಒಯ್ತು ಅಂತ ಬರದ್ರ, ಮಾಳ್ಯಾ ಗೆದ್ದಂಗ ಆತು," ಅಂದರು ಕಾಕಾ.

ಆಗ ನನಗೆ ಅರ್ಥವಾಯಿತು. ಸಹಿ ಹಾಕಿದರೆ ಭರಪಾಯಿ ಬರುತ್ತಿತ್ತು, ಮತ್ತೆ ಹಿಂಡು ಕಟ್ಟಬಹುದಿತ್ತು. ಆದರೆ ಹೊಳೆಯೇ ಒಯ್ದಿತೆಂದು ಒಡೆಯನೇ ಬರೆದುಕೊಟ್ಟರೆ ಮಾಳಪ್ಪ ಕಳ್ಳನಲ್ಲ ಎಂದಾಗುತ್ತಿತ್ತು. ಅದಕ್ಕೆ ಕಾಕಾ ತಯಾರಿರಲಿಲ್ಲ. ತಮ್ಮ ಅನುಮಾನ ಉಳಿಸಿಕೊಳ್ಳಲು ಸರ್ಕಾರದ ದುಡ್ಡನ್ನು ಬಿಟ್ಟ ಇಂಥ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ದೂರದಲ್ಲಿ ಕಂಬಳಿ ಹೊದ್ದು ನಿಂತಿದ್ದ ಮಾಳಪ್ಪ ಎಲ್ಲವನ್ನೂ ಕೇಳಿಸಿಕೊಂಡ. ತಲಾಠಿ ಕುರಿಯ ಕಾಗದವನ್ನು ಖಾಲಿ ಬಿಟ್ಟು ಮುಂದಿನ ಹೊಲಕ್ಕೆ ಹೋದಳು.

ಕಿವಿ ತರದ ಆಳನ್ನು ಯಾವ ಕುರಿಗಾರನೂ ಇಟ್ಟುಕೊಳ್ಳುವುದಿಲ್ಲ. ಕುರುಬರ ದೇವರು ಬೀರೋಬನ ಗುಡಿಯಲ್ಲಿ ಮಾಳಪ್ಪ ಭಂಡಾರ, ಅಂದರೆ ದೇವರ ಅರಿಷಿಣ ಮುಟ್ಟಿ ಆಣೆ ಮಾಡಿದ. ಭಂಡಾರದ ಆಣೆ ಅಂದರೆ ಅಲ್ಲಿ ಕೊನೆಯ ಮಾತು. ಆದರೂ ಕಾಕಾ ಎದ್ದು ಬಂದರಂತೆ, "ಹೊಟ್ಟಿ ಹಸದವನ ಆಣಿ" ಎಂದು ಹೇಳಿ. ಈ ಒಂದು ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ದೀಪಾವಳಿಯ ಹೊತ್ತಿಗೆ ಮಾಳಪ್ಪ ಹೆಂಡತಿಯನ್ನು ಕರೆದುಕೊಂಡು ಅಕ್ಕಲಕೋಟದ ಹೊರಗಿನ ಇಟ್ಟಂಗಿ ಭಟ್ಟಿಗೆ ಸೇರಿದ. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನು ಬೂದಿಯಲ್ಲಿ ಇಟ್ಟಂಗಿ ಹೊರತೊಡಗಿದ. ನಾಯಿ ಮಾತ್ರ ಕಾಕಾ ಮನೆಯ ಮುಂದೆ ಉಳಿಯಿತು. ಕಾಕಾ ಅದಕ್ಕೂ ರೊಟ್ಟಿ ಹಾಕುವಾಗ ಗುರಾಯಿಸಿ ನೋಡುತ್ತಿದ್ದರು.

ಸುಗ್ಗಿಯ ಹಾಲುಜೋಳದ ದಿನಗಳಲ್ಲಿ ನಾನು ಊರಿಗೆ ಸುಟ್ಟ ಹಸಿ ತೆನೆಯ ಸೀತನಿ ತಿನ್ನಲು ಹೋಗಿದ್ದೆ. ಆ ಹೊತ್ತಿಗೆ ಊರವರ ಖಾತೆಗೆಲ್ಲ ಭರಪಾಯಿ ಜಮಾ ಆಗಿತ್ತು. ಕಾಕಾಗೆ ಹೊಲದ್ದೂ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಸಿದ್ರಾಮನ ಜೊತೆ ಅವರ ಮನೆ ಕಡೆ ಹೋದರೆ ಕಟ್ಟೆಯ ಮೇಲೆ ಒಬ್ಬ ಅಪರಿಚಿತ ಕುರಿಗಾರ ಕೂತಿದ್ದ. ಕೆಳಗೆ ಬೋರಿ ಹೊಳೆ ಭೀಮೆಗೆ ಕೂಡುವ ಕಡೆಯವನು, ಅಫಜಲಪುರದ ಮಗ್ಗುಲಿನವನು. ಕಂಬಳಿಯೊಳಗಿಂದ ಒಂದು ಗೋಣಿಚೀಲ ತೆಗೆದು ಕಾಕಾ ಮುಂದೆ ಇಟ್ಟ.

"ನೀರು ಇಳದ ಮ್ಯಾಲ ನಮ್ಮ ದಂಡಿ ಜಾಲಿ ಕಂಟ್ಯಾಗ ಸತ್ತ ಕುರಿ ಸಿಕ್ಕಿದ್ವುರಿ. ಹೂಳೂಕಿಂತ ಮೊದಲ ಕಿವಿ ತಕ್ಕೊಂಡು ಉಪ್ಪು ಭಂಡಾರ ಹಚ್ಚಿ ಇಟ್ವಿ. ಯಾರ ಕಚ್ಚು ಇದು ಅಂತ ಕೇಳ್ಕೋತ ಕೇಳ್ಕೋತ ಬಂದೀನಿ."

"ಇಷ್ಟು ದೂರ? ಯಾಕ?" ಕಾಕಾ ದನಿಯಲ್ಲಿ ಹಳೆಯ ಅನುಮಾನವೇ ಇತ್ತು.

"ಯಾಕ ಅಂದ್ರ? ಯಾವನೋ ಒಬ್ಬ ಆಳು ಎಲ್ಲೋ ಬೈಸ್ಕೊಳ್ಳಾಕತ್ತಿರ್ತಾನಲ್ರಿ."

ಕಾಕಾ ಒಂದು ಕಿವಿ ತೆಗೆದು ಬೆಳಕಿಗೆ ಹಿಡಿದರು. ತುದಿಗೆ ಸೀಳು, ಕೆಳಗೆ ಅರ್ಧಚಂದ್ರ. ಇನ್ನೊಂದು ತೆಗೆದರು. ಮಾರಿದ ಕುರಿಯ ಕಿವಿಯನ್ನೂ ಕೊಯ್ದು ಕಳಿಸಬಹುದಲ್ಲ ಎಂದು ನನ್ನ ತಲೆ ಓಡಿತು. ಅವರದೂ ಅಲ್ಲಿಗೇ ಓಡಿರಬೇಕು, ಮೂಸಿ ನೋಡಿದರು. ಕಿವಿಯ ಒಳಗೆಲ್ಲ ಹೊಳೆಯ ರೇವೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಅವರ ಧೋತರದ ಮೇಲೆ ಉದುರಿತು. ನಾನು ಸುಮ್ಮನಿರಲಾರದೆ ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿದೆ. ತಳದಿಂದ ಹಿಡಿಹಿಡಿ ತೆಗೆದೆ. ತಳದಲ್ಲೂ ಅದೇ ಕಚ್ಚು, ಅದೇ ರೇವೆ. ಮೇಲೊಂದು ತಳಕ್ಕೊಂದು ಇರದ ಚೀಲ ನನ್ನ ಕೈಗೆ ಸಿಕ್ಕದ್ದು ಅಪರೂಪ.

ಕಾಕು ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ಕಿವಿಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿದರು. ಆಮೇಲೆ ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು.

"ಸಾವಕಾರ್ರ, ಗಾಡಿ ತಗೀರಿ. ಸಿದ್ರಾಮ, ನೀನೂ ನಡಿ. ಪಂಚರು ಬೇಕು."

ಯಾವ ಪಂಚನಾಮೆ ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ.

ಭಟ್ಟಿಯಲ್ಲಿ ಮಾಳಪ್ಪ ತಲೆಯ ಮೇಲೆ ಇಟ್ಟಂಗಿ ಹೊತ್ತಿದ್ದ. ನಮ್ಮನ್ನು ನೋಡಿಯೂ ಇಳಿಸಲಿಲ್ಲ. ಸಾಲು ಒಟ್ಟಿ ಮುಗಿಸಿಯೇ ಬಂದ. ಕಾಕಾ ಚೀಲವನ್ನು ಅವನ ಗುಡಿಸಲ ಮುಂದೆ ಕಂಬಳಿಯ ಮೇಲೆ ಸುರಿದರು. ಮಾಳಪ್ಪ ಕೂತು ಒಂದೊಂದನ್ನೇ ಎತ್ತಿ ನೋಡತೊಡಗಿದ. ನಮಗೆ ಎಲ್ಲವೂ ಒಂದೇ ಕಚ್ಚಿನ ಒಣ ಕಿವಿ. ಅವನು ಮಾತ್ರ ಪ್ರತಿಯೊಂದಕ್ಕೂ ಮೆಲ್ಲಗೆ ಏನೋ ಅನ್ನುತ್ತಿದ್ದ. "ಬಿಳೀದು... ಕುಂಟೀ ಮಗಳು... ಇದು ಅವಳ ಮರಿ..." ಎಲ್ಲಾ ಹೆಸರು. ಕಾಕಾ ಹೆಸರಿಟ್ಟ ಕುರಿ ಒಂದೂ ಇರಲಿಲ್ಲ, ಅವರು ಹಾಕಿದ್ದು ಕಚ್ಚು ಮಾತ್ರ.

ಮಾಳಪ್ಪನ ಹೆಂಡತಿ ಬೂದಿಗೈಯಲ್ಲೇ ಎದುರು ಬಂದು ನಿಂತಳು.

"ಕಾಕಾ, ಹೊಳಿ ಒಯ್ದದ್ದು ನೋಡಿಲ್ಲ ಅಂತ ಸಹಿ ಹಾಕಲಿಲ್ಲ ನೀವು. ಬರೋಬ್ಬರಿ ಮಾಡಿದ್ರಿ. ಇವರು ಮಾರಿದ್ದು ಯಾವಾಗ ನೋಡಿದ್ರಿ?"

ಆ ಪ್ರಶ್ನೆ ನನಗೂ ಬಡಿಯಿತು. ಟೆಂಪೋ ನಿಂತದ್ದನ್ನು ಕಂಡವರಿದ್ದರು, ಕುರಿ ಹತ್ತಿದ್ದನ್ನು ಕಂಡವರು ಇಡೀ ಊರಲ್ಲಿ ಒಬ್ಬರಿರಲಿಲ್ಲ. ಕಾಕಾ ಕೋಟಿನ ಗುಂಡಿಗಳನ್ನು ಬಿಚ್ಚಿದರು. ನಾನು ಅದನ್ನು ನೋಡಿದ್ದು ಅದೇ ಮೊದಲು.

"ನೋಡಿಲ್ಲವ್ವಾ," ಅಂದರು. "ನೋಡದ್ದಕ್ಕ ಕಳ್ಳ ಅಂದೆ. ಭಂಡಾರ ಹಿಡದವಗ ಸುಳ್ಳ ಅಂದೆ." ಆಮೇಲೆ ನಮ್ಮ ಕಡೆ ತಿರುಗಿ, "ನೀವಿಬ್ಬರೂ ಕೇಳೀರಿ. ಊರಾಗ ಹಿಂಗಽ ಹೇಳ್ರಿ. ಒಂದು ಮಾತು ಬಿಡಬ್ಯಾಡ್ರಿ, ಒಂದು ಹಚ್ಚಬ್ಯಾಡ್ರಿ."

ಮಾಳಪ್ಪ ಕಿವಿಗಳನ್ನು ಚೀಲಕ್ಕೆ ತುಂಬಿದ. ಕ್ಷಮಿಸಿದೆ ಎನ್ನಲಿಲ್ಲ. "ಹೂಳಬೇಕ್ರಿ ಇವ್ನ," ಅಂದ ಅಷ್ಟೆ.

ಕುರಿಯ ಭರಪಾಯಿಗೆ ಮತ್ತೆ ಓಡಾಡೋಣ ಎಂದು ನಾನು ತಹಸೀಲ್ ಕಚೇರಿಗೆ ಹೋಗಿ ಕೇಳಿಕೊಂಡೆ. ಪಟ್ಟಿ ಮುಚ್ಚಿದೆ, ಒಡೆಯನೇ ಜವಾಬು ಕೊಡಲಿಲ್ಲ, ಈಗೇನೂ ಮಾಡಲಾಗದು ಎಂದರು. ಅದರಲ್ಲಿ ಅವರ ತಪ್ಪು ನನಗೆ ಕಾಣಲಿಲ್ಲ. ಬೇಸಿಗೆಯಲ್ಲಿ ಹೊಲದ ಭರಪಾಯಿ ತಡವಾಗಿ ಕಾಕಾ ಖಾತೆಗೆ ಬಂತು. ಹೊಲಕ್ಕೆ ಮಣ್ಣು ಹೊಡೆಸಿಕೊಳ್ಳಲು ಕೊಟ್ಟ ದುಡ್ಡು ಅದು. ಕಾಕಾ ಅದರಲ್ಲಿ ಕುರಿಮರಿ ಕೊಂಡರು. ಬಂಡೆಯ ಮೇಲೆ ಜೋಳ ಬೆಳೆಯುವುದಿಲ್ಲ, ಕುರಿಯಾದರೂ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಮರಿಗಳನ್ನು ಒಪ್ಪಿಸಿದ್ದು ಮಾಳಪ್ಪನಿಗೆ. ಅವನು ಬಂದ, ಕಾಕು ಹೋಗಿ ಕರೆದದ್ದಕ್ಕೆ ಬಂದ. ಕಾಕಾ ಜೊತೆ ಮಾತು ಹೆಚ್ಚಿಲ್ಲ. ಮರಿಗಳಿಗೆ ಕಚ್ಚು ಹಾಕುವ ದಿನ ಅವನು ಎಂದಿನಂತೆ ಬ್ಲೇಡು ತಂದು ಕಾಕಾ ಮುಂದೆ ಇಟ್ಟನಂತೆ. ಕಾಕಾ ಅದನ್ನು ಎತ್ತಿ ಮಾಡಿನ ಗಳಕ್ಕೆ ಸಿಕ್ಕಿಸಿ, "ಬ್ಯಾಡ ಬಿಡು" ಎಂದು ಒಳಗೆ ಹೋದರಂತೆ. ಇದು ಸಿದ್ರಾಮ ಹೇಳಿದ್ದು. ನಾನು ನೋಡಿದ್ದಲ್ಲ.

ಆಮೇಲೆ ಜೀಪು ಬಂದಾಗೆಲ್ಲ ಕಾಕಾ ಕಣ್ಣಿಗೆ ಪೊರೆ ಬಂದಿದೆ ಎಂದು ಹೇಳಿ ಕಳಿಸುತ್ತಿದ್ದರು. ಕೋಟು ಗೂಟದಲ್ಲೇ ಉಳಿಯಿತು. ಈಗ ಪಂಚರು ಸಿಗದೆ ತಲಾಠಿ ಓಣಿಓಣಿ ಅಲೆಯುತ್ತಾಳೆ. ಸಹಿ ಹಾಕುವವರು ಚಾ ಕುಡಿದು, ಎಲ್ಲಿ ಹಾಕಲಿ ಎಂದಷ್ಟೇ ಕೇಳುತ್ತಾರೆ.

ಕಾಕಾ ತಿಥಿಯ ದಿವಸಕ್ಕೆ ಊರಿಗೆ ಹೋದಾಗ ಹಿಂಡು ಹೊಳೆದಂಡೆಯಲ್ಲಿ ಮೇಯುತ್ತಿತ್ತು, ಹಳೆಯ ನಾಯಿ ಹಿಂದೆ. ಗಾಡಿ ನಿಲ್ಲಿಸಿ ಇಳಿದೆ.

"ಮಾಳಪ್ಪಾ, ಗುರುತಿಲ್ಲದ ಕುರಿ. ನಾಳೆ ಒಂದು ಸತ್ರ ಕಾಕುಗ ಏನು ತೋರಸ್ತಿ?"

"ಏನೂ ತೋರಸಾಂಗಿಲ್ರಿ. ಸತ್ತಾದ ಅಂತ ಹೇಳ್ತೀನಿ."

ನಾನು ಒಂದು ಮರಿಯನ್ನು ಹಿಡಿದು ಎಡಗಿವಿಯನ್ನು ಬುಡದಿಂದ ತುದಿಯವರೆಗೆ ಬೆರಳಿನಿಂದ ಸವರಿ ನೋಡಿದೆ. ಎಲ್ಲೂ ಕಚ್ಚು ಇರಲಿಲ್ಲ.